ಇಂದ್ರವ್ವನ ಸಕಾರಗಳು

ನಾನೊಂದು ಹೆಡ್‌ಫೋನು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪರದೆಗೆ ಅಂಟಿಸಿ, ಹಿಂದೆ ಅಯಸ್ಕಾಂತ ಕೂರಿಸಿ, ಎರಡು ಬಟ್ಟಲುಗಳಲ್ಲಿ ಮುಚ್ಚಿದರು. ತಂತಿಯಲ್ಲಿ ವಿದ್ಯುತ್ತು ಹರಿದರೆ ಪರದೆ ನಡುಗುತ್ತದೆ, ಪರದೆ ನಡುಗಿದರೆ ಹಾಡು. ಇಷ್ಟೇ ನನ್ನ ದೇಹ, ಇಷ್ಟೇ ನನ್ನ ಕೆಲಸ. ಪೆಟ್ಟಿಗೆಗೆ ಹಾಕುವ ಮೊದಲು ಬಿಳಿ ಕೋಟಿನ ಹೆಂಗಸೊಬ್ಬಳು ನನ್ನನ್ನು ತಲೆಗೇರಿಸಿಕೊಂಡು, ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ಹರಿಸಿ ನೋಡಿದಳು. ಎಲ್ಲೂ ಮುಗ್ಗರಿಸಲಿಲ್ಲ. ಎತ್ತರದ ಸ್ವರಗಳಲ್ಲಂತೂ ನಾನು ಜೊತೆಯವರಿಗಿಂತ ಒಂದು ಕೈ ಮುಂದಿದ್ದೆ. ಅವಳು ತಲೆದೂಗಿದಳು. ನನಗೆ ಜಂಬ ಬಂತು.

ಆ ಜಂಬ ಗದಗಿಗೆ ಬಂದ ಎರಡನೇ ವಾರಕ್ಕೇ ಇಳಿಯಿತು. ನನ್ನನ್ನು ಹುಬ್ಬಳ್ಳಿಯ ಅಂಗಡಿಯಿಂದ ಕೊಂಡು ತಂದವರು ವಾಮನರಾವ್ ಕಟ್ಟಿ ಎಂಬ ನಿವೃತ್ತ ಪೋಸ್ಟ್ ಮಾಸ್ತರರು. ಮಧ್ಯಾಹ್ನ ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಒರಗಿ ಹಳೆಯ ಭಜನೆಗಳನ್ನು ಕೇಳಬೇಕೆಂಬುದು ಅವರು ನೌಕರಿಯುದ್ದಕ್ಕೂ ಮುಂದೂಡುತ್ತ ಬಂದ ಆಸೆ. ಆದರೆ ಎರಡು ಹಾಡು ಮುಗಿಯುವಷ್ಟರಲ್ಲಿ ನನ್ನನ್ನು ತೆಗೆದಿಟ್ಟು ಕಿವಿ ಉಜ್ಜಿಕೊಳ್ಳುತ್ತಿದ್ದರು. ಹಾಡುವವರ ಬಾಯಲ್ಲಿ ‘ಸ’ ಬಂದಾಗಲೆಲ್ಲ, ‘ಶ’ ಬಂದಾಗಲೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು. ಹದಿನೈದು ದಿನ ಸಹಿಸಿ, ಕೊನೆಗೆ ಚೀಲದಲ್ಲಿ ಹಾಕಿಕೊಂಡು ಬೆಟಗೇರಿ ರಸ್ತೆಯ ದಾವಲಸಾಬನ ಅಂಗಡಿಗೆ ಬಂದರು.

“ದಾವಲಸಾಬ, ಇದರಾಗ ಏನೋ ದೋಷ ಅದ ನೋಡಪಾ. ‘ಸ’ ಅಂದ್ರ ಸಾಕು, ಕಿವ್ಯಾಗ ಸೂಜಿ ಹೊಕ್ಕಂಗ ಆಗ್ತದ.”

ದಾವಲಸಾಬ ನದಾಫನಿಗೆ ಆಗ ನಲವತ್ತೈದರ ವಯಸ್ಸು. ಮದುವೆ, ಉರುಸು, ಸಭೆಗಳಿಗೆ ಮೈಕ್ ಸೆಟ್ ಕೊಡುವುದು ಅವನ ಕಸುಬು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುವುದು ಅವನ ಹುಚ್ಚು. ಅವನು ನನ್ನನ್ನು ಹಾಕಿಕೊಂಡು, ಮಾಸ್ತರರ ಭಜನೆಯನ್ನೇ ಹಚ್ಚಿ, ಕಣ್ಣು ಮುಚ್ಚಿ ಪೂರ್ತಿ ಕೇಳಿದ.

“ದೋಷ ಇದರಾಗಿಲ್ರಿ ಮಾಸ್ತರ. ಹಾಡ ತುಂಬಿಕೊಳ್ಳುವಾಗ ಮೈಕ್ ಬಾಯಿಗೆ ನೆಟ್ಟಗ ಹಿಡದಾರ. ಹಲ್ಲಿನ ಸಂದಿಯಾಗಿನ ಗಾಳಿ ಸೀದಾ ಅದಕ್ಕ ಬಡದೈತಿ. ಇದು ಪಾಪ, ಇದ್ದದ್ದನ್ನ ಇದ್ದಂಗ ಹೇಳಾಕತ್ತೈತಿ.”

“ಹೇಳ್ಲಿ. ಆದ್ರ ಇಷ್ಟು ಚುಚ್ಚಿ ಹೇಳ್ಬೇಕೇನು?”

ದಾವಲಸಾಬ ನಕ್ಕ. ತನ್ನ ಹತ್ತಿರವಿದ್ದ ಹಳೆಯ, ಮೆತ್ತನೆಯ ದನಿಯ ಹೆಡ್‌ಫೋನನ್ನು ಮಾಸ್ತರರಿಗೆ ಕೊಟ್ಟು ನನ್ನನ್ನು ಇಟ್ಟುಕೊಂಡ. ಮಾಸ್ತರರು ನನ್ನತ್ತ ತಿರುಗಿಯೂ ನೋಡದೆ ಹೋದರು. ಅವಮಾನವಾಯಿತು ಎಂದರೆ ಸುಳ್ಳಲ್ಲ.

ದಾವಲಸಾಬನ ಹಿಂದಿನ ಕೋಣೆಯನ್ನು ನೀವು ನೋಡಬೇಕಿತ್ತು. ಅವನ ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಆ ಗಾದಿಗಳನ್ನೇ ಮಗ ನಾಲ್ಕೂ ಗೋಡೆಗೆ ನಿಲ್ಲಿಸಿ ಮೊಳೆ ಹೊಡೆದಿದ್ದ. ರಸ್ತೆಯ ಟಂಟಂ ಗಾಡಿಗಳ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ನಡುವೆ ಒಂದು ಮೈಕು, ಮೂಲೆಯಲ್ಲಿ ಹಳೆಯ ಕಂಪ್ಯೂಟರು. ಸುತ್ತಲ ಹಳ್ಳಿಗಳ ಭಜನಾ ಮೇಳದವರು, ತತ್ವಪದದವರು, ಶಾಲೆಯ ಪ್ರಾರ್ಥನೆ ಹಾಡುವ ಅಕ್ಕೋರುಗಳು ಎಲ್ಲರೂ ಅಲ್ಲಿಗೆ ಬರುತ್ತಿದ್ದರು.

ನನ್ನಂಥದೊಂದು ಕಿವಿಗೆ ಬಿದ್ದ ಮೇಲೆ ದಾವಲಸಾಬನ ಕೆಲಸದ ರೀತಿಯೇ ಬದಲಾಯಿತು. ನಾನು ತಪ್ಪನ್ನು ಮುಚ್ಚುವವನಲ್ಲ. ಯಾವ ‘ಸ’ ಚುಚ್ಚುತ್ತದೋ ಅದನ್ನು ಅವನಿಗೆ ಅಲ್ಲೇ ತೋರಿಸುತ್ತಿದ್ದೆ. ಅವನು ಮೈಕನ್ನು ಬಾಯಿಯ ನೇರದಿಂದ ಸರಿಸಿ ಗಲ್ಲದ ಪಕ್ಕಕ್ಕೆ ತಂದ. ಒಂದು ಗೇಣು ಹಿಂದಕ್ಕೆ ಒಯ್ದ. ಮೈಕಿನ ಮುಂದೆ ಒಂದು ಪೆನ್ಸಿಲನ್ನು ಉದ್ದಕ್ಕೆ ನಿಲ್ಲಿಸಿ ದಾರ ಕಟ್ಟಿದ. ಗಾಳಿ ಪೆನ್ಸಿಲಿಗೆ ಬಡಿದು ಎರಡಾಗಿ ಸೀಳಿ ಹೋಗುತ್ತದೆ, ದನಿ ಮಾತ್ರ ಒಳಗೆ ಬರುತ್ತದೆ. ಅಷ್ಟಾದರೂ ಉಳಿದ ಮೊನಚನ್ನು ಕಂಪ್ಯೂಟರಿನಲ್ಲಿ ತಗ್ಗಿಸುತ್ತಿದ್ದ. ತೆರೆಯ ಮೇಲೆ ‘ಆ’, ‘ಈ’ಗಳು ಗುಂಡಗೆ ಮಣಿ ಪೋಣಿಸಿದಂತೆ ಕಾಣುತ್ತವೆ. ‘ಸ’ ಮಾತ್ರ ಹಿಂಜಿದ ಅರಳೆಯ ಉಂಡೆಯಂತೆ ಕೆದರಿಕೊಂಡು ಕಾಣುತ್ತದೆ. ಎತ್ತರದ ಸ್ವರಗಳನ್ನೆಲ್ಲ ಒಟ್ಟಿಗೆ ಇಳಿಸಿಬಿಟ್ಟರೆ ಕೆಲಸ ಸುಲಭ, ಆದರೆ ಹಾಡುವವರು ಕೌದಿ ಹೊದ್ದು ಹಾಡಿದಂತೆ ಕೇಳುತ್ತದೆ. ಆದ್ದರಿಂದ ‘ಸ’ ಬಂದ ಆ ಒಂದು ಚಿಟಿಕೆ ಹೊತ್ತು ಮಾತ್ರ ಇಳಿಸಿ ಮತ್ತೆ ಬಿಟ್ಟುಬಿಡಬೇಕು. ಇದನ್ನೆಲ್ಲ ಅವನಿಗೆ ಯಾರೂ ಕಲಿಸಿರಲಿಲ್ಲ. ಕೇಳಿ ಕೇಳಿ ಕಲಿತ.

ಹೀಗಿರುವಾಗ ಒಂದು ಬೆಳಿಗ್ಗೆ ಇಂದ್ರವ್ವ ಬಂದಳು. ಐವತ್ತೆಂಟರ ಎತ್ತರದ ಹೆಂಗಸು, ಹಸಿರು ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲಿ ನಿಂತೇ ಗಟ್ಟಿಯಾಗಿ ಕೇಳಿದಳು:

“ಹಾಡ ತುಂಬಿಕೊಡ್ತೀಯಂತಲ್ಲ ತಮ್ಮಾ, ಖರೇನ?”

“ಹೌದ್ರಿ ಅಕ್ಕಾರ. ಬರ್ರಿ, ಕುಂದರ್ರಿ. ಯಾರ ಹಾಡು?”

“ನಂದು. ಯಾರಿಗೂ ಕೊಡಾಕಲ್ಲ. ನಾ ಕೇಳಾಕ.”

ಕೂತ ಮೇಲೆ ವಿಷಯ ಹೊರಬಂತು. ಇಂದ್ರವ್ವ ಬೆಟಗೇರಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಸೀರೆ ನೇಯ್ದವಳು. ಒಂದೇ ಸೂರಿನಡಿ ನಲವತ್ತು ಮಗ್ಗ. ಆ ಖಟಾಖಟದಲ್ಲಿ ಪಕ್ಕದವರು ಕೂಗಿದರೂ ಕೇಳುವಂತಿಲ್ಲ. ಅವಳು ಆ ಸದ್ದಿನ ಒಳಗೇ ನಿಂತು ದಿನವೂ ಹಾಡುತ್ತಿದ್ದಳು. ಅಜ್ಜಿ ಕೈಮಗ್ಗದ ಮುಂದೆ ಹೇಳುತ್ತಿದ್ದ ಹಾಡು. ಗಂಟಲಲ್ಲಿ ಹಾಡು ಅಲುಗುವುದು ಗೊತ್ತಾಗುತ್ತಿತ್ತೇ ಹೊರತು ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಮನೆಗೆ ಬಂದರೆ ಹಾಡುವ ಪುರುಸೊತ್ತಿಲ್ಲ, ಮಗ್ಗ ನಡೆಯದಿದ್ದರೆ ಹಾಡು ಬಾಯಿಗೆ ಬರುವುದೂ ಇಲ್ಲ. ಈಗ ಶೆಡ್ಡು ಮುಚ್ಚಿದೆ. ಕಿವಿಯೂ ಮುಚ್ಚುತ್ತಿದೆ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಎತ್ತರದ ಸದ್ದು ಹಿಡಿಯುವ ಶಕ್ತಿ ಮಗ್ಗದ ಗದ್ದಲಕ್ಕೆ ಸವೆದಿದೆ, ಉಳಿದದ್ದೂ ಎರಡು ವರ್ಷದಲ್ಲಿ ಹೋದೀತು ಎಂದಿದ್ದರು.

“ಹೋಗೂದು ಹೋಗ್ಲಿ ತಮ್ಮಾ. ಹೋಗೂದ್ರಾಗ ಒಮ್ಮೆ ಕೇಳಬೇಕು. ನಾ ಇಷ್ಟ ವರ್ಷ ಏನ ಹಾಡಿದ್ನಿ ಅಂತ.”

ದಾವಲಸಾಬ ಎದ್ದು ಮೈಕ್ ಸರಿಮಾಡಿದ.

ಕೂತು ಹಾಡಲು ಅವಳಿಗೆ ಬರಲಿಲ್ಲ. ಎದ್ದು ನಿಂತಳು. ಎರಡೂ ಕೈ ತಾವಾಗಿಯೇ ಮುಂದೆ ಬಂದು, ಇಲ್ಲದ ಮಗ್ಗದ ಮೇಲೆ ಇಲ್ಲದ ಎಳೆಗಳನ್ನು ಸವರತೊಡಗಿದವು. ಆಮೇಲೆ ಹಾಡು ಬಂತು.

ಸಾವಿರ ಎಳಿಯ ಸೀರಿ ನೇದೇನ
ಶಿವನ ಸತಿಗಿ ಸೆರಗ ಬಿಟ್ಟೇನ
ಉಳಿದ ಎಳಿಯಾಗ ಮಗಳಿಗೊಂದ ಕುಪ್ಪಸ
ನನಗ ನೂಲಿನ ನಾತ ಸಾಕ

ಇಂಥ ಹನ್ನೆರಡು ನುಡಿಗಳು. ನಾನು ಎಷ್ಟೋ ಗಾಯಕಿಯರ ದನಿ ಹೊತ್ತಿದ್ದೇನೆ. ಆದರೆ ಅಂಥದನ್ನು ಕೇಳಿರಲಿಲ್ಲ. ನಲವತ್ತು ಮಗ್ಗದ ನಡುವೆ ನಿಂತು ಬೆಳೆದ ದನಿ ಅರಚಬೇಕಿತ್ತು, ಅರಚುತ್ತಿರಲಿಲ್ಲ. ಎಳೆ ಜಗ್ಗಿ ಕಟ್ಟಿದ ಹಾಗೆ ನೆಟ್ಟಗಿತ್ತು. ದಾವಲಸಾಬ ನನ್ನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಕೂತಿದ್ದ.

ಸ್ಪೀಕರಿನಲ್ಲಿ ಹಚ್ಚಿದರೆ ಇಂದ್ರವ್ವನಿಗೆ ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಅದಕ್ಕೇ ನನ್ನನ್ನು ಅವಳ ತಲೆಗೇರಿಸಿದ. ಮೊದಲ ಪದ ‘ಸಾವಿರ’. ಅದರ ಮೊದಲ ಅಕ್ಷರಕ್ಕೇ ಅವಳು ಬೆಚ್ಚಿ, ನನ್ನನ್ನು ಕಿತ್ತು ಎಸೆದಳು. ನೆಲಕ್ಕೆ ಬಿದ್ದು ನನ್ನ ಎಡ ಬಟ್ಟಲಿನ ಅಂಚು ಸೀಳಿತು.

“ಕಿವ್ಯಾಗ ಹಾವ ಬಿಟ್ಟಿಯೇನೋ!”

ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ಟು ಬೇರೆ. ಪ್ರತಿ ‘ಸ’ಗೂ ಸೆಟ್ಟಿನ ಸಂದಿಯಿಂದ ಸಿಳ್ಳೆ ಹೊಮ್ಮಿತ್ತು, ಅದನ್ನು ನಾನು ಒಂದಿಷ್ಟೂ ಬಿಡದೆ ಅವಳ ಗಾಯದ ಕಿವಿಗೆ ಮುಟ್ಟಿಸಿದ್ದೆ.

“ಇದನ್ನೇನು ನಾ ಮೂವತ್ತೊಂದು ವರ್ಷ ಹಾಡಿದ್ದು? ಇದಕ್ಕಿಂತ ಕೇಳದ ಇದ್ದದ್ದ ಚಲೋ ಇತ್ತು. ಅಳಿಸಿ ಹಾಕು ತಮ್ಮಾ, ನಿನ್ನ ಕೈ ಮುಗೀತೀನಿ.” ಚೀಲ ಎತ್ತಿಕೊಂಡು ಹೊರಟೇ ಹೋದಳು.

ದಾವಲಸಾಬ ಅಳಿಸಲಿಲ್ಲ. ನನ್ನ ಸೀಳಿಗೆ ಟೇಪು ಸುತ್ತಿ, ಮಾರನೆಯ ದಿನ ಬೆಟಗೇರಿಗೆ ಸೈಕಲ್ ಹೊಡೆದ. ನನ್ನನ್ನು ಕೊರಳಿಗೆ ಹಾಕಿಕೊಂಡಿದ್ದ. ಇಂದ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಅಕ್ಕಾರ, ಒಂದ ಮಾತು ಕೇಳ್ತೀನಿ. ಮನ್ಯಾಗ ತಾಟು ಬಿದ್ದರ ನಿಮಗ ಹೆಂಗ ಆಗತೈತಿ?”

“ಕಿವ್ಯಾಗ ಚಮಚ ಹಾಕಿ ತಿರುವಿದಂಗ. ಕುಕ್ಕರ್ ಸೀಟಿಗಿ ನಾ ಹಿತ್ತಲಕ್ಕ ಓಡಿ ಹೋಗ್ತೀನಿ. ಆದ್ರ ನೆರಮನಿಯವರು ಮಾತಾಡಿದ್ರ ಕೇಳಂಗಿಲ್ಲ. ಇದೇನ ಕಿವ್ಯೋ!”

ಅವನಿಗೆ ಬೇಕಾಗಿದ್ದು ಅದೇ. ಅವಳ ಕಿವಿಗೆ ಎತ್ತರದ ಸದ್ದು ಸಣ್ಣದಿದ್ದರೆ ಮುಟ್ಟುವುದೇ ಇಲ್ಲ, ತುಸು ಹೆಚ್ಚಾದರೆ ಒಮ್ಮೆಲೇ ಹೊಡೆಯುತ್ತದೆ. ನಡುವಿನ ದಾರಿ ಎಳೆಯಷ್ಟು ಸಣ್ಣದು. ಹಾಡನ್ನು ಆ ದಾರಿಯಲ್ಲಿ ನಡೆಸಬೇಕು. “ಹಾವನ್ನ ನಾ ಹಿಡೀತೀನಿ. ನೀವು ಬರಬೇಕು ಅಷ್ಟ” ಎಂದ. ಅವಳು ಜೋಳದ ಮೊರ ಕೆಳಗಿಟ್ಟು, ಬರುತ್ತೇನೆ ಎಂದಳು.

ಮೊದಲ ಸಲ ಅವನು ಕಂಪ್ಯೂಟರನ್ನೇ ನಂಬಿದ. ‘ಸ’ ಬಂದಾಗಲೆಲ್ಲ ತಾನೇ ಗುರುತಿಸಿ ಒತ್ತಿಬಿಡುವ ಒಂದು ಪ್ರೋಗ್ರಾಮು ಅದರಲ್ಲಿತ್ತು. ಅದನ್ನು ಹಚ್ಚಿ, ಗಟ್ಟಿಯಾಗಿ ಒತ್ತಿಸಿ, ಅವಳನ್ನು ಕೂರಿಸಿದ. ಇಂದ್ರವ್ವ ಹೆದರುತ್ತಲೇ ನನ್ನನ್ನು ಹಾಕಿಕೊಂಡಳು. ಈ ಸಲ ಬೆಚ್ಚಲಿಲ್ಲ. ಸ್ವಲ್ಪ ಕೇಳಿದಳು. ಮುಖದಲ್ಲಿ ಏನೋ ಅನುಮಾನ. ಮತ್ತೊಮ್ಮೆ ಹಚ್ಚಲು ಹೇಳಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು.

“ತಿವನ ತತಿಗಿ ತೆರಗ! ನನ್ನ ಶಿವನ ಹಲ್ಲ ಕಿತ್ತೀಯಲ್ಲೋ ತಮ್ಮಾ!”

ದಾವಲಸಾಬ ತಬ್ಬಿಬ್ಬಾದ. ನಿಜ, ಒತ್ತಿದ್ದು ಹೆಚ್ಚಾಗಿ ‘ಸ’ಗಳೆಲ್ಲ ತೊದಲು ಮಗುವಿನ ‘ತ’ಗಳಾಗಿದ್ದವು. ಮೊದಲು ನಕ್ಕವಳು ಅವಳೇ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರಿಬ್ಬರ ಸ್ನೇಹ ಶುರುವಾದದ್ದು ಅಲ್ಲಿಂದ.

“ಚುಚ್ಚಬಾರದು ಖರೇ,” ಎಂದಳು, “ಆದ್ರ ಅದು ‘ಸ’ನ ಇರಬೇಕು. ಅಜ್ಜಿ ಕೊಟ್ಟ ಅಕ್ಷರ, ಕಳೀಬ್ಯಾಡ.”

ಅಂದಿನಿಂದ ಒಂಬತ್ತು ದಿನ. ಬೆಳಿಗ್ಗೆ ಹತ್ತಕ್ಕೆ ಅವಳು ಬರುತ್ತಿದ್ದಳು, ಮಧ್ಯಾಹ್ನ ಒಂದಕ್ಕೆ ಏಳುತ್ತಿದ್ದಳು. ಅದಕ್ಕಿಂತ ಹೆಚ್ಚು ಹೊತ್ತು ಕೇಳಿದರೆ ಕಿವಿ ದಣಿದು ತೀರ್ಪು ತಪ್ಪುತ್ತದೆ ಎಂದು ದಾವಲಸಾಬನೇ ನಿಯಮ ಮಾಡಿದ್ದ. ಹನ್ನೆರಡು ನುಡಿಗಳಲ್ಲಿ ‘ಸ’, ‘ಶ’, ‘ಚ’ ಸೇರಿ ಎಂಬತ್ತಾರು. ಒಂದೊಂದನ್ನೂ ಕೈಯಿಂದ ಹಿಡಿದು ಇಳಿಸಬೇಕು. ಇಳಿಸಿದ್ದನ್ನು ಅವಳಿಗೆ ಕೇಳಿಸಬೇಕು. ಅವಳು ಬೆರಳು ಮೇಲೆತ್ತಿದರೆ ಇನ್ನೂ ಚುಚ್ಚುತ್ತಿದೆ ಎಂದು. ಕೆಳಗೆ ಮಾಡಿದರೆ ಅಕ್ಷರ ಸತ್ತಿದೆ ಎಂದು. ಬೆರಳು ಅಡ್ಡ ನಿಂತರೆ ಸರಿ. ಒಂದು ಕೂದಲು ಹೆಚ್ಚುಕಡಿಮೆಯಾದರೂ ಅವಳಿಗೆ ತಿಳಿಯುತ್ತಿತ್ತು. ಹರಿದ ಎಳೆಯನ್ನು ಮುಟ್ಟಿಯೇ ಹುಡುಕಿ ಗಂಟು ಹಾಕಿದ ಬೆರಳು ಅದು. ಅಂಥ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದಾವಲಸಾಬನೂ ಅಷ್ಟೇ. ‘ಸೆರಗ’ ಎಂಬ ಒಂದೇ ಪದವನ್ನು ಒಂದು ಬೆಳಗ್ಗೆಯೆಲ್ಲ ತಿದ್ದಿದ. ಬೇಸರದ ಒಂದು ಉಸಿರೂ ಅವನ ಬಾಯಿಂದ ಬರಲಿಲ್ಲ.

ನಾನು? ನಾನು ಅವರಿಬ್ಬರ ನಡುವೆ ಓಡಾಡಿಕೊಂಡಿದ್ದೆ. ಅವನ ತಲೆಯಿಂದ ಅವಳ ತಲೆಗೆ, ಅವಳ ತಲೆಯಿಂದ ಅವನ ತಲೆಗೆ. ಅವನ ಹಣೆಯ ಬೆವರೂ ಅವಳ ಕೂದಲಿನ ಕೊಬ್ಬರಿ ಎಣ್ಣೆಯೂ ನನ್ನ ಮೆತ್ತೆಯಲ್ಲಿ ಬೆರೆತು ಹೋದವು.

ಹತ್ತನೆಯ ದಿನ ಪೂರ್ತಿ ಹಾಡು ಹಚ್ಚಿದ. ಇಂದ್ರವ್ವ ಕಣ್ಣು ಮುಚ್ಚಿ ಕೂತಳು. ಒಂದನೇ ನುಡಿ ಹೋಯಿತು, ಎರಡನೆಯದು ಹೋಯಿತು. ಅವಳ ಕೈ ಮಡಿಲಲ್ಲಿ ಸುಮ್ಮನಿತ್ತು. ಬೆರಳು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಹನ್ನೆರಡೂ ಮುಗಿದ ಮೇಲೆ ನನ್ನನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಬೆರಗಾದವಳಂತೆ ಹೇಳಿದಳು:

“ನಾ ಬರೋಬ್ಬರಿ ಹಾಡ್ತಿದ್ನಲ್ಲೋ ತಮ್ಮಾ!”

ದಾವಲಸಾಬ ಮುಖ ತಿರುಗಿಸಿ ಗೋಡೆಯ ಗಾದಿ ನೋಡುತ್ತ ನಿಂತ.

ಮರುದಿನ ಇಂದ್ರವ್ವ ಒಬ್ಬಳೇ ಬರಲಿಲ್ಲ. ಜೊತೆಗೆ ಗಿಡ್ಡನೆಯ, ನಗುಮುಖದ ಹೆಂಗಸೊಬ್ಬಳಿದ್ದಳು. ಹುಸೇನಬಿ. ಶೆಡ್ಡಿನಲ್ಲಿ ಇಂದ್ರವ್ವನ ಪಕ್ಕದ ಮಗ್ಗ ಇಪ್ಪತ್ತಾರು ವರ್ಷ ಅವಳದು. ಅವಳ ಮಗ್ಗ ಮೂಲೆಯ ಗೋಡೆಯ ಕಡೆ ಇದ್ದುದರಿಂದಲೋ ಏನೋ, ಅವಳ ಕಿವಿ ಇನ್ನೂ ಸಾಕಷ್ಟು ಚುರುಕಾಗಿತ್ತು. ಅವಳು ನನ್ನನ್ನು ಹಾಕಿಕೊಂಡು ಬಾಯಿ ಅಲುಗಿಸುತ್ತ ಕೇಳಿದಳು, ಹಾಡು ಮೊದಲೇ ಬರುವವಳ ಹಾಗೆ. ಮೂರನೆಯ ಸಾಲಿಗೆ ಬಾಯಿ ತಟಕ್ಕನೆ ನಿಂತಿತು.

“ಇದ ತಪ್ಪೈತಿ,” ಎಂದಳು.

“ಏನ ತಪ್ಪೈತಿ?”

“ಮಗಳಿಗೊಂದ ಕುಪ್ಪಸ ಅಂತ ಐತಲ್ಲ ಇದರಾಗ. ನೀ ಹಂಗ ಅಂತಿರಲಿಲ್ಲ. ಬಗಲಿಗೊಂದ ಕುಪ್ಪಸ ಅಂತಿದ್ದಿ.”

“ನಾ ಯಾವಾಗ ಅಂದಿದ್ನಿ? ನಿನಗೆಲ್ಲಿ ಕೇಳಸ್ತಿತ್ತು ಶೆಡ್ಡಿನ್ಯಾಗ?”

“ಕೇಳಿಲ್ಲ, ನೋಡೀನಿ,” ಎಂದಳು ಹುಸೇನಬಿ. “ಇಪ್ಪತ್ತಾರ ವರ್ಷ ನಿನ್ನ ತುಟಿ ನೋಡಕೋತ ನೇದೀನಿ. ನಿನ್ನ ಹಾಡಿನ ಮ್ಯಾಲ ನನ್ನ ಕೈ ನಡೀತಿದ್ವು.”

ತುಟಿ ನೋಡಿದರೆ ‘ಮ’ಕ್ಕೂ ‘ಬ’ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ‘ಸ’ ಅಂತೂ ತುಟಿಯ ಮೇಲೆ ಕಾಣಿಸುವುದೇ ಇಲ್ಲ, ಅದು ಹಲ್ಲಿನ ಹಿಂದೆಯೇ ಹುಟ್ಟಿ ಹೋಗುತ್ತದೆ. ಹುಸೇನಬಿ ಕಂಡಷ್ಟನ್ನು ಹಿಡಿದು, ಕಾಣದ್ದನ್ನು ತಾನೇ ತುಂಬಿ, ತನ್ನದೇ ಒಂದು ಹಾಡು ಕಟ್ಟಿಕೊಂಡಿದ್ದಳು. ಅವಳು ದನಿ ತಗ್ಗಿಸಿ ಅಂದಳು:

“ಬಗಲಾಗ ನಿಂತಾಕಿ ನಾನ ಅಲ್ಲೇನು? ಶಿವನ ಹೆಂಡತಿಗಿ ಸೀರಿ ಕೊಟ್ಟ ಮ್ಯಾಲ ಉಳದದ್ರಾಗ ನನಗೊಂದ ಕುಪ್ಪಸ ಅಂತ ಹಾಡ್ತಾಳ ನಮ್ಮ ಇಂದ್ರಿ, ಅಂತ... ಇಷ್ಟ ದಿನ ನಾ ಹಂಗ ತಿಳಕೊಂಡಿದ್ನಿ.”

ದಾವಲಸಾಬ ಅದನ್ನು ಇಂದ್ರವ್ವನ ಕಿವಿಯ ಹತ್ತಿರ ಬಾಗಿ, ನಿಧಾನವಾಗಿ ಮತ್ತೆ ಹೇಳಿದ. ಅವಳು ಗೆಳತಿಯನ್ನು ದಿಟ್ಟಿಸಿದಳು. ಹುಸೇನಬಿ ನಾಚಿ ನನ್ನ ವಯರನ್ನು ಬೆರಳಿಗೆ ಸುತ್ತುತ್ತಿದ್ದಳು.

“ಅಜ್ಜಿಗಿ ಮಗಳಿದ್ದಳು, ಅಕಿ ಮಗಳಿಗೆ ಅಂತ ಹಾಡಿದಳು,” ಎಂದಳು ಇಂದ್ರವ್ವ ಕೊನೆಗೆ. “ನನಗ ಮಗಳೆಲ್ಲಿ ಅದಾಳ? ನನಗಿದ್ದಾಕಿ ಇಕಿನ. ತಮ್ಮಾ, ಮೈಕ್ ಹಚ್ಚು.”

ಮತ್ತೆ ನಿಂತಳು, ಮತ್ತೆ ಕೈ ಮುಂದೆ ಚಾಚಿದಳು. ಹನ್ನೆರಡೂ ನುಡಿಗಳನ್ನು ಮೊದಲಿಂದ ಹಾಡಿದಳು. ಮೂರನೆಯ ಸಾಲಿಗೆ ಬಂದಾಗ ಹುಸೇನಬಿಯ ಕಡೆ ತಿರುಗಿ, ಅವಳಿಗೆ ಕಾಣುವ ಹಾಗೆ ತುಟಿ ಬಿಡಿಸಿ ಹಾಡಿದಳು: ‘ಉಳಿದ ಎಳಿಯಾಗ ಬಗಲಿಗೊಂದ ಕುಪ್ಪಸ’. ಆ ಹಾಡಿಗೆ ಇನ್ನೂ ಏಳು ದಿನದ ಕೆಲಸ ಬಿತ್ತು. ಯಾರೂ ಗೊಣಗಲಿಲ್ಲ. ಹುಸೇನಬಿ ದಿನವೂ ಡಬ್ಬಿಯಲ್ಲಿ ಚುರುಮುರಿ ತರುತ್ತಿದ್ದಳು. ಎರಡು ಹಾಡುಗಳನ್ನೂ ದಾವಲಸಾಬ ಕಾಪಾಡಿ ಇಟ್ಟ. ಅಜ್ಜಿಯದು ಅಜ್ಜಿಗೆ, ಹುಸೇನಬಿಯದು ಹುಸೇನಬಿಗೆ.

ಆಮೇಲೆ ಇಂದ್ರವ್ವ ಗುರುವಾರಕ್ಕೊಮ್ಮೆ ಬರುವುದು ರೂಢಿಯಾಯಿತು. ಯಾರದೇ ಹಾಡು ಮುಗಿದಿರಲಿ, ದಾವಲಸಾಬ ನನ್ನನ್ನು ಅವಳ ತಲೆಗೇರಿಸಿ ಅವಳ ಬೆರಳು ನೋಡುತ್ತಿದ್ದ. ಅವಳ ಗಾಯದ ಕಿವಿ ಒಪ್ಪಿದ ಹಾಡು ಯಾರ ಕಿವಿಯನ್ನೂ ನೋಯಿಸಲಿಲ್ಲ. ಸುತ್ತಲ ಭಜನಾ ಮೇಳದವರು “ಅಕ್ಕಾರ ಕೇಳ್ಯಾರೇನ್ರಿ?” ಎಂದು ವಿಚಾರಿಸಿಯೇ ಹಾಡು ಒಯ್ಯುತ್ತಿದ್ದರು. ಒಮ್ಮೆ ಕಟ್ಟಿ ಮಾಸ್ತರರೂ ಬಂದು, ಅವಳ ಹಾಡನ್ನು ನನ್ನಲ್ಲೇ ಪೂರ್ತಿ ಕೇಳಿ, ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದು ಅದ ಹೌದೇನು?” ಎಂದರು. ನನಗೆ ಅಷ್ಟು ಸಾಕಿತ್ತು.

ಎರಡು ವರ್ಷವೆಂದು ಡಾಕ್ಟರು ಹೇಳಿದ್ದು ನಾಲ್ಕಕ್ಕೆ ಎಳೆಯಿತು. ಅಷ್ಟರಲ್ಲಿ ನನಗೂ ವಯಸ್ಸಾಯಿತು. ಮೆತ್ತೆಯ ತೊಗಲು ಸುಲಿದು ಕರಿ ಪುಡಿ ಉದುರತೊಡಗಿತು. ಬಲ ಬಟ್ಟಲು ಒಂದು ದಿನ ಗೊರಗೊರ ಎಂದು ಮೌನವಾಯಿತು. ದಾವಲಸಾಬ ಹೊಸದನ್ನು ತಂದ. ಆದರೂ ನನ್ನನ್ನು ರದ್ದಿಗೆ ಹಾಕದೆ ಗೋಡೆಯ ಗೂಡಿನಲ್ಲಿ ಇಟ್ಟ. ಈಗ ನಾನು ಇಲ್ಲೇ ಇದ್ದೇನೆ. ಇಲ್ಲಿಂದ ಮೈಕು ಕಾಣುತ್ತದೆ, ಹಾಡಲು ಬಂದವರ ಮುಖ ಕಾಣುತ್ತದೆ. ಕೆಲಸವಿಲ್ಲ ಎಂಬ ಕೊರಗಿಲ್ಲ. ಒಳ್ಳೆಯ ಜನರ ತಲೆಯ ಮೇಲೆ ಕೂತು ಬದುಕಿದೆ, ಅವರು ಒಂದೊಂದು ಅಕ್ಷರಕ್ಕೆ ಪಟ್ಟ ಪಾಡನ್ನು ಅಷ್ಟು ಹತ್ತಿರದಿಂದ ಕಂಡೆ. ಅದಕ್ಕಿಂತ ದೊಡ್ಡ ಭಾಗ್ಯವನ್ನು ನನ್ನಂಥದೊಂದು ವಸ್ತು ಕೇಳಬಾರದು.

ಇಂದ್ರವ್ವ ಕೊನೆಯ ಸಲ ಬಂದದ್ದು ಹೋದ ಯುಗಾದಿಯ ಮುಂದೆ, ಹುಸೇನಬಿಯ ತೋಳು ಹಿಡಿದುಕೊಂಡು. ಹೊಸ ಹೆಡ್‌ಫೋನನ್ನು ಪಕ್ಕಕ್ಕೆ ಸರಿಸಿ, ಗೂಡಿನತ್ತ ಕೈ ತೋರಿಸಿ, ನನ್ನನ್ನೇ ಬೇಡಿದಳು. ನನ್ನಲ್ಲಿ ಉಳಿದಿದ್ದ ಒಂದೇ ಬದಿಯಿಂದ ಅವಳ ಹಾಡನ್ನು ಹಾಡಿದೆ. ಅವಳು ಬಹಳ ಹೊತ್ತು ಕೇಳಿದಳು. ಆಮೇಲೆ ಮೆಲ್ಲಗೆ, ತಪ್ಪು ಹೊರಿಸದ ದನಿಯಲ್ಲಿ ಕೇಳಿದಳು:

“ತಮ್ಮಾ, ‘ಸ’ ಎಲ್ಲಾ ತಗದಿಯೇನು? ಒಂದೂ ಕೇಳವೊಲ್ದು.”

ದಾವಲಸಾಬ ಒಂದನ್ನೂ ತೆಗೆದಿರಲಿಲ್ಲ, ಅವಳ ಕಿವಿಗೇ ಅವು ಮುಟ್ಟುತ್ತಿರಲಿಲ್ಲ. ಹೇಳಿದರೆ ಅವಳಿಗೆ ಅದೂ ಕೇಳುವಂತಿರಲಿಲ್ಲ. ಅವಳ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದು, ಹಾಡನ್ನು ತೆರೆಯ ಮೇಲೆ ಹರವಿದ. ಅವಳ ತೋರುಬೆರಳನ್ನು ಹಿಡಿದು, ಅರಳೆಯುಂಡೆಯಂಥ ಒಂದು ಗುರುತಿನ ಮೇಲೆ ಇಟ್ಟ. ‘ಸಾವಿರ’ದ ‘ಸ’. ಆಮೇಲೆ ಮುಂದಿನದು, ‘ಸೀರಿ’ಯದು. ಆಮೇಲೆ ಶಿವನದು, ಸತಿಯದು, ಸೆರಗಿನದು. ಅವಳ ಬೆರಳು ಅವನ ಕೈ ಬಿಡಿಸಿಕೊಂಡು ತಾನೇ ಮುಂದೆ ಹೋಯಿತು, ಒಂದೊಂದನ್ನೂ ಮುಟ್ಟುತ್ತ, ಸಾಲಿನ ಕೊನೆಯವರೆಗೆ.

“ಅದಾವ,” ಎಂದಳು. ನನ್ನನ್ನು ತೆಗೆದು, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು. “ಇರ್ಲಿ ಬಿಡು. ನಾ ಕೇಳೂದು ಕೇಳಿ ಆತು. ಇನ್ನ ಮಂದಿ ಕೇಳಲಿ.”